ಮೋಡಿ ಅಕ್ಷರದ ಮರ್ಮ

ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಹೊಲದ ತಕರಾರು ಎದ್ದಾಗ ಅಟ್ಟದ ಮೇಲಿನ ಹಳೆಯ ಕಾಗದದ ಗಂಟು ಕೆಳಗಿಳಿಯುವುದುಂಟು. ಇಂದು ನಗರದೊಳಗೆ ಸೇರಿಹೋಗಿರುವ ಬೆಂಗೇರಿಯಂಥ ಊರುಗಳಿಗೂ ಈ ಮಾತು ಸಲ್ಲುತ್ತದೆ. ಗಂಟು ಬಿಚ್ಚಿದರೆ ಕೆಲವೊಮ್ಮೆ ಕಾಣುವುದು ಕನ್ನಡವೂ ಅಲ್ಲ, ಪರಿಚಿತ ದೇವನಾಗರಿಯೂ ಅಲ್ಲ. ಒಂದಕ್ಕೊಂದು ತಳುಕು ಹಾಕಿಕೊಂಡ ಅಕ್ಷರಗಳ ಸಾಲು. ಅದೇ ಮೋಡಿ.

ಮೋಡಿ ಎಂದರೆ ಮರಾಠಿಯ ಕೂಡುಬರಹ. 13ನೆಯ ಶತಮಾನದಲ್ಲಿ ದೇವಗಿರಿ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿ ಇದನ್ನು ಬಳಕೆಗೆ ತಂದನೆಂಬುದು ಪ್ರತೀತಿ. ಪೇಶ್ವೆಯರ ಆಳಿಕೆಯಲ್ಲಿ ಇದು ಧಾರವಾಡ ಸೀಮೆಯ ದಫ್ತರಗಳಲ್ಲೂ ಬೇರೂರಿತು. ಕಾರಕೂನ ಮೊದಲು ಕಾಗದದುದ್ದಕ್ಕೂ ತಲೆಗೆರೆ ಎಳೆದುಕೊಳ್ಳುತ್ತಿದ್ದ; ಆಮೇಲೆ ಆದಷ್ಟೂ ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗುತ್ತಿದ್ದ. ಇಕಾರ, ಉಕಾರಗಳಲ್ಲಿ ಹ್ರಸ್ವ-ದೀರ್ಘದ ಭೇದವಿಲ್ಲ, ಪದಗಳ ನಡುವೆ ತೆರವಿಲ್ಲ. ವೇಗವೇ ಮುಖ್ಯ.

ಇದರ ಎದುರಿಗಿದ್ದದ್ದು ಬಾಲಬೋಧ, ಅಂದರೆ ಬಿಡಿಬಿಡಿಯಾಗಿ ಬರೆಯುವ ದೇವನಾಗರಿ. ಮಗುವಿಗೂ ತಿಳಿಯುವಂಥದ್ದು ಎಂದು ಹೆಸರೇ ಹೇಳುತ್ತದೆ. ಪೋಥಿ-ಪುರಾಣಕ್ಕೆ ಬಾಲಬೋಧ, ಲೆಕ್ಕಪತ್ರಕ್ಕೆ ಮೋಡಿ ಎಂಬುದು ರೂಢಿ. ಕನ್ನಡಕ್ಕೂ ಮೋಡಿ ಇತ್ತು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಶೃಂಗೇರಿ ಮಠದ ಕಡತಗಳಲ್ಲಿ ಅದನ್ನು ಕಾಣಬಹುದು.

ಶಾಲೆಯ ಮಾಸ್ತರರು ಮೆಚ್ಚುವುದು ಮುತ್ತು ಪೋಣಿಸಿದಂಥ ದುಂಡಕ್ಷರವನ್ನು. ಉಳಿದದ್ದೆಲ್ಲ ಕಾಗೆಕಾಲು, ಗುಬ್ಬಿಕಾಲು. ಆದರೆ ಕಚೇರಿಯಲ್ಲಿ ಹರಿಯುವ ಕೈಬರಹಕ್ಕೇ ಬೆಲೆ. ಅದನ್ನು ಓದಬಲ್ಲವರು ಕುಲಕರ್ಣಿ, ಕಾರಕೂನರು. ತನ್ನ ಹೊಲದ ಕಾಗದದಲ್ಲಿ ಏನಿದೆ ಎಂಬುದಕ್ಕೆ ರೈತ ಅವರ ಬಾಯನ್ನೇ ನೋಡಬೇಕಾಗಿತ್ತು.

ಮೋಡಿಯ ಬುಡಕ್ಕೆ ಪೆಟ್ಟು ಕೊಟ್ಟದ್ದು ಅಚ್ಚಿನ ಮೊಳೆ. ವಿಲಿಯಂ ಕೇರಿ 1810ರ ತನ್ನ ಮರಾಠಿ ನಿಘಂಟಿಗೆ ಮೋಡಿಯ ಮೊಳೆಗಳನ್ನೇ ಬಳಸಿದನೇನೋ ನಿಜ. ಆದರೆ ಕೈ ಓಡಿದಂತೆ ರೂಪ ಬದಲಿಸುವ ಅಕ್ಷರಕ್ಕೆ ಬಿಡಿ ಮೊಳೆ ಒಗ್ಗಲಿಲ್ಲ. 1917ರಲ್ಲಿ ಮುಂಬಯಿ ಸರಕಾರ ಆಡಳಿತಕ್ಕೆ ಬಾಲಬೋಧವನ್ನೇ ಆರಿಸಿಕೊಂಡಿತು. 1950ರ ದಶಕದ ಹೊತ್ತಿಗೆ ಮೋಡಿ ದಿನಬಳಕೆಯಿಂದಲೇ ಮರೆಯಾಯಿತು. ಧಾರವಾಡ ಸೀಮೆಯಲ್ಲಂತೂ ಕನ್ನಡ ಶಾಲೆಗಳು ಬೆಳೆದು, ಹೊಸ ತಲೆಮಾರು ಕನ್ನಡದ ದುಂಡಕ್ಷರವನ್ನೇ ಕಲಿಯಿತು.

ಲಿಪಿ ಹೋಯಿತು, ಕಾಗದ ಉಳಿಯಿತು. ಈಗ ಮೋಡಿ ಬಲ್ಲವರು ವಿರಳ. ಅಂದು ಓದು ಬಾರದ ಅಜ್ಜ ಕುಲಕರ್ಣಿಯ ಮಾತನ್ನು ನಂಬಬೇಕಿತ್ತು. ಇಂದು ಪದವಿ ಪಡೆದ ಮೊಮ್ಮಗ ಅದೇ ಕಾಗದ ಹಿಡಿದು, ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗಿದೆ.