ಕುಂದೂರು ಸೀಮೆ: ಕೆರೆ ಇದ್ದಲ್ಲಿ ಊರು

ಹಾಸನದಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟು ಸಿಕ್ಕರೆ ಒಂದು ವಿಷಯ ಗಮನಿಸಿ. ಹಾಸನ ಬಿಟ್ಟ ಹೊಸದರಲ್ಲಿ ಊರು ಅಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪಕ್ಕದಲ್ಲೊಂದು ಕೆರೆ. ಆಲೂರು ದಾಟಿ ಮುಂದೆ ಹೋದಂತೆ ಮನೆಗಳು ದೂರ ದೂರ ಸರಿಯುತ್ತವೆ. ಇಲ್ಲೊಂದು, ಅಲ್ಲೊಂದು, ನಡುವೆ ಗದ್ದೆ, ಕಾಫಿ ತೋಟ. ಸುಮಾರು ನಲವತ್ತು ಕಿಲೋಮೀಟರಿನಲ್ಲಿ 'ಊರು' ಅನ್ನೋ ಪದದ ಅರ್ಥವೇ ಬದಲಾಗಿಬಿಡುತ್ತದೆ!

ಆಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುಂದೂರು ಇರುವುದು ಈ ಅರೆಮಲೆನಾಡಿನಲ್ಲಿ.

ಇದಕ್ಕೆಲ್ಲ ಕಾರಣ ನೀರು. ಘಟ್ಟದ ಅಂಚಿನಲ್ಲಿ ಮಳೆ ಹೆಚ್ಚು, ಕಣಿವೆಗೊಂದು ಹಳ್ಳ. ತಗ್ಗಿನಲ್ಲಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಮನೆ. ನೀರಿಗಾಗಿ ಯಾರೂ ಒಂದೆಡೆ ಸೇರಬೇಕಿರಲಿಲ್ಲ. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ. ಅಲ್ಲಿ ಹರಿಯುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಬೇಕು. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು, ನೀರು ಹಂಚಲು ಒಬ್ಬ ನೀರುಗಂಟಿ. ಇದು ಒಂಟಿ ಮನೆಯವರ ಕೈಲಾಗುವ ಕೆಲಸವಲ್ಲ, ಹಾಗಾಗಿ ಜನ ಕೆರೆಯ ಬಳಿಯೇ ಗುಂಪಾಗಿ ನೆಲೆಸಿದರು. ಹೊಯ್ಸಳರ ರಾಜಧಾನಿಯ ಹೆಸರೇ ನೋಡಿ, ದೋರಸಮುದ್ರ! ಅಲ್ಲಿನ ದೊಡ್ಡ ಕೆರೆ ಇಂದಿಗೂ ಹಳೇಬೀಡಿನಲ್ಲಿದೆ.

ಆಮೇಲೆ ದೊಡ್ಡ ನೀರು ಬಂತು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಲವು ಹಳ್ಳಿಗಳು, ಅವುಗಳ ಹೊಲಗದ್ದೆಗಳು ಮುಳುಗಿದವು. 1860ರ ದಶಕದ ಶೆಟ್ಟಿಹಳ್ಳಿ ಚರ್ಚು ಮಾತ್ರ ಪಾಳುಬಿದ್ದು ಇನ್ನೂ ನಿಂತಿದೆ. ಫೋಟೋ ತೆಗೆಯಲು ಹೋಗುವ ನಾವು ಅಲ್ಲೊಂದು ಊರಿತ್ತು ಅನ್ನೋದನ್ನೇ ಮರೆಯುತ್ತೇವೆ.

ಈಗ ಇನ್ನೊಂದು ಸಂಕಟ. ಆಲೂರು, ಸಕಲೇಶಪುರದ ಕಡೆ ಆನೆಗಳು ತೋಟದಲ್ಲೇ ಬೀಡುಬಿಟ್ಟಿವೆ. ಹೈಕೋರ್ಟಿನ ಆದೇಶದ ಮೇರೆಗೆ ರಚನೆಯಾದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು. ಹಿಡಿದದ್ದೂ ಆಯಿತು, ಆದರೂ ಕಾಟ ನಿಂತಿಲ್ಲ. ತೋಟದ ನಡುವಿನ ಒಂಟಿ ಮನೆ ಒಂದು ಕಾಲಕ್ಕೆ ಅನುಕೂಲ. ಗದ್ದೆ ಎದುರಿಗೇ, ನೀರು ಮನೆ ಪಕ್ಕದಲ್ಲೇ. ಇವತ್ತು ಅದೇ ಮನೆಯಿಂದ ಬೆಳಗಿನ ಜಾವ ರಸ್ತೆಗೆ ನಡೆದು ಬರೋದೇ ಭಯ. ಭತ್ತ ಬೆಳೆದರೆ ಆನೆಗೆ, ಬಿಟ್ಟರೆ ಗದ್ದೆ ಪಾಳು.

ಗದ್ದೆ ಪಾಳುಬಿದ್ದರೆ ಕೆರೆಯ ತೂಬು ಯಾರಿಗೆ ಬೇಕು? ತೂಬು ಬೇಡವಾದರೆ ಹೂಳು ತೆಗೆಯೋರು ಯಾರು? ಊರು ಒಂದೇ ದಿನ ಮುಳುಗಬೇಕಿಲ್ಲ, ಹೀಗೂ ಖಾಲಿಯಾಗಬಹುದು.

ಮುಂದಿನ ಸಲ ಊರಿಗೆ ಹೋದಾಗ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬನ್ನಿ. ಊರು ಅಲ್ಲೇ ಯಾಕಿದೆ ಅಂತ ಗೊತ್ತಾಗುತ್ತೆ.