ದೊಡ್ಡಮ್ಮನ ಮಾತ್ರೆ ಡಬ್ಬಿ

ನಾಲ್ಕು ವರ್ಷದ ಹಿಂದೆ ನಮ್ಮ ದೊಡ್ಡಮ್ಮನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಯಿತು. ಗ್ಯಾಸ್ಟ್ರಿಕ್ ಬೈಪಾಸ್. ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಸೇರಿ ಅವರು ಮನೆಯ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದರು. ವರ್ಷ ತುಂಬುವುದರೊಳಗೆ ಒಬ್ಬರೇ ಸಂತೆಗೆ ಹೋಗಿಬರುವಂತಾದರು. ಶಸ್ತ್ರಚಿಕಿತ್ಸೆಗೆ ವಿಮೆಯ ಹಣ ಬಂದಿತ್ತು. ಆಮೇಲಿನ ಮಾತ್ರೆಗಳಿಗೆ ಕೈಯಿಂದಲೇ ಕೊಡಬೇಕಿತ್ತು. "ಚೆನ್ನಾಗಿದ್ದೀನಲ್ಲೇ, ಇನ್ಯಾಕೆ ಇಷ್ಟೊಂದು ಮಾತ್ರೆ?" ಎಂದು ಒಂದೊಂದಾಗಿ ಬಿಟ್ಟರು. ಉಳಿಸಿಕೊಂಡದ್ದು ಒಂದನ್ನೇ: ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವ 'ರಕ್ತದ ಮಾತ್ರೆ'.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವರ ಜೊತೆ ದೇವಸ್ಥಾನಕ್ಕೆ ಹೊರಟಿದ್ದೆ. ದಾರಿಯಲ್ಲಿ ಅವರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವರು ನಡೆಯುತ್ತಲೇ ಇದ್ದರು. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ವಿಟಮಿನ್ ಬಿ12 ಮಾತ್ರ ತಳ ಕಂಡಿತ್ತು.

ವಸಾಹತು ಕಾಲದ ಭಾರತದ ಆಹಾರ ಸಂಶೋಧನೆ ನನ್ನ ಪಿಎಚ್.ಡಿ. ವಿಷಯ. ಬಡವರ ಹಸಿವಿನ ಕಾಯಿಲೆಗಳನ್ನು ಹಳೆಯ ವರದಿಗಳಲ್ಲಿ ಓದುತ್ತಿದ್ದವಳಿಗೆ ಅದೇ ಕಾಯಿಲೆ ನಮ್ಮ ಮನೆಯಲ್ಲೇ, ಹಾಲು ಮೊಸರಿಗೆ ಕೊರತೆಯಿಲ್ಲದ ಮನೆಯಲ್ಲಿ, ಎದುರಾಯಿತು. ಅಂದಿನಿಂದ ದೊಡ್ಡಮ್ಮನ ಮಾತ್ರೆ ಡಬ್ಬಿಯ ಇತಿಹಾಸ ಹುಡುಕತೊಡಗಿದೆ.

ಆ ಇತಿಹಾಸವನ್ನು 1881ರಿಂದ ಶುರುಮಾಡಬಹುದು. ಆ ವರ್ಷದ ಜನವರಿಯಲ್ಲಿ ವಿಯೆನ್ನಾದ ಥಿಯೋಡೋರ್ ಬಿಲ್‌ರೋಥ್ ಕ್ಯಾನ್ಸರ್ ತಗುಲಿದ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಬದುಕಿಸಿದರು. ಜಠರವಿಲ್ಲದೆಯೂ ಮನುಷ್ಯ ಇರಬಲ್ಲ, ಅದೊಂದು ಚೀಲ ಮಾತ್ರ ಎಂಬ ಧೈರ್ಯ ಮುಂದೆ ಶಸ್ತ್ರವೈದ್ಯರಿಗೆ ಬಂದದ್ದು ಇಂಥ ಗೆಲುವುಗಳಿಂದ. ಅದೇ ವರ್ಷ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯ ಮೂವರು ರೋಗಿಗಳ ವಿವರ ಪ್ರಕಟಿಸಿದರು. ಇಬ್ಬರು ಕುಡುಕರು. ಮೂರನೆಯವಳು ಇಪ್ಪತ್ತು ವರ್ಷದ, ಬಟ್ಟೆ ಹೊಲಿದು ಬದುಕುತ್ತಿದ್ದ ಹುಡುಗಿ. ಗಂಧಕಾಮ್ಲ ನುಂಗಿ ಅವಳ ಜಠರದ ಬಾಯಿ ಕಿರಿದಾಗಿತ್ತು. ತಿಂದದ್ದೆಲ್ಲ ವಾಂತಿ. ಕೆಲವು ವಾರಗಳಲ್ಲಿ ಕಣ್ಣುಗುಡ್ಡೆ ಹೊರಳದಾಯಿತು, ಮಂಪರು ಕವಿಯಿತು, ಸತ್ತಳು. ಕಾರಣ ಯಾರಿಗೂ ತಿಳಿದಿರಲಿಲ್ಲ. ವಿಟಮಿನ್ ಎಂಬ ಪದವೇ ಹುಟ್ಟಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಥಯಾಮಿನ್, ಅಂದರೆ ಬಿ1. ಅದರ ಜಾಡು ಸಿಕ್ಕಿದ್ದು ಏಷ್ಯಾದ ಅನ್ನದ ತಟ್ಟೆಯಲ್ಲಿ. ಜಾವಾದಲ್ಲಿ ಐಕ್ಮನ್ ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಬೀಳುವುದನ್ನು ಕಂಡರು. ಮನಿಲಾದಲ್ಲಿ ರಾಬರ್ಟ್ ವಿಲಿಯಮ್ಸ್ ಅಕ್ಕಿ ತೌಡಿನ ಸಾರದಲ್ಲಿ ಬೆರಿಬೆರಿಯಿಂದ ಸಾಯುತ್ತಿದ್ದ ಕೂಸುಗಳು ಚೇತರಿಸಿಕೊಳ್ಳುವುದನ್ನು ಕಂಡರು. ಮಿಶನರಿ ದಂಪತಿಯ ಮಗನಾದ ಈ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, 1886ರಲ್ಲಿ. ತೌಡಿನೊಳಗಿನ ಆ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಅವರಿಗೆ 1936ರವರೆಗೆ ಹಿಡಿಯಿತು.

ಜಠರ ಬರೀ ಚೀಲವಲ್ಲ ಎಂದು ತೋರಿಸಿದ್ದು ಬಾಸ್ಟನ್ನಿನ ವಿಲಿಯಂ ಕ್ಯಾಸಲ್. ಅವರು ತಾವೇ ಮಾಂಸ ತಿಂದು, ಒಂದು ಗಂಟೆಯ ನಂತರ ಅದನ್ನು ಹೊರಗೆ ತೆಗೆದು, ಪರ್ನಿಷಿಯಸ್ ಅನೀಮಿಯಾ ಎಂಬ ಮಾರಕ ರಕ್ತಹೀನತೆಯ ರೋಗಿಗಳಿಗೆ ನಳಿಕೆಯಲ್ಲಿ ಕೊಟ್ಟರು. ಓದುವಾಗ ಹೊಟ್ಟೆ ತೊಳಸುತ್ತದೆ, ನಿಜ. ಆದರೆ ಬರೀ ಮಾಂಸ ತಿಂದು ಸುಧಾರಿಸದವರ ರಕ್ತ ಇದರಿಂದ ಸುಧಾರಿಸಿತು. ಆರೋಗ್ಯವಂತ ಜಠರ ಯಾವುದೋ ಒಂದು ಅಂಶವನ್ನು ಸುರಿಸುತ್ತದೆ, ಆಹಾರದ ಇನ್ನೊಂದು ಅಂಶ ಅದರ ಜೊತೆ ಸೇರಬೇಕು ಎಂದು 1929ರಲ್ಲಿ ಬರೆದರು. ಆಹಾರದ ಆ ಅಂಶವೇ ಬಿ12. 1948ರಲ್ಲಿ ಅದನ್ನು ಬೇರ್ಪಡಿಸಲಾಯಿತು.

ಅದೇ ಹೊತ್ತಿಗೆ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಿದ್ದರು. ಬಡ ಬಸುರಿಯರನ್ನು ಕೊಲ್ಲುತ್ತಿದ್ದ ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಅಗ್ಗದ ಯೀಸ್ಟ್ ಸಾರ ಮಾರ್ಮೈಟ್‌ನಿಂದ ಆ ಹೆಂಗಸರು ಚೇತರಿಸಿಕೊಂಡರು. ಅದರೊಳಗೆ ಇದ್ದದ್ದು ಫೋಲಿಕ್ ಆಸಿಡ್.

ಇಷ್ಟೆಲ್ಲ ತಿಳಿದ ಮೇಲೆಯೇ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಹುಟ್ಟಿದ್ದು. 1950ರ ದಶಕದಲ್ಲಿ ಅಮೆರಿಕದ ವೈದ್ಯರು ಸಣ್ಣಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ಹೊರಗಿಟ್ಟರು. ಮುಂದೆ ಪ್ರಚಲಿತವಾದ ಒಂದು ವಿಧಾನದಲ್ಲಿ ಸುಮಾರು ಇಪ್ಪತ್ತು ಅಡಿ ಕರುಳಿನಲ್ಲಿ ಆಹಾರಕ್ಕೆ ಉಳಿಯುತ್ತಿದ್ದದ್ದು ಹದಿನೆಂಟು ಅಂಗುಲ. ತೂಕವೇನೋ ಇಳಿಯಿತು. ಜೊತೆಗೆ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಕೆಟ್ಟ ಯಕೃತ್ತು ಬಂದವು; ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ದಪ್ಪಗಾಗುವುದಿಲ್ಲ ಎಂಬುದನ್ನು ಗಮನಿಸಿ ಗ್ಯಾಸ್ಟ್ರಿಕ್ ಬೈಪಾಸ್ ರೂಪಿಸಿದರು.

ಇಂದಿಗೂ ಅದರ ತತ್ವ ಅದೇ. ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಉಳಿಸಿ, ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವ ಸಣ್ಣಕರುಳಿನ ಮೊದಲ ಭಾಗವನ್ನು ಆಹಾರ ಮುಟ್ಟುವುದೇ ಇಲ್ಲ. ಬಿ12 ಬಿಡಿಸಿಕೊಳ್ಳಲು ಬೇಕಾದ ಆಮ್ಲವೂ ಕ್ಯಾಸಲ್ ಕಂಡ ಅಂಶವೂ ಅದಕ್ಕೆ ಸಾಕಷ್ಟು ಸಿಗುವುದಿಲ್ಲ. ಅಂದರೆ ಕೊರತೆ ಇಲ್ಲಿ ಅಕಸ್ಮಾತ್ ಬರುವ ತೊಂದರೆಯಲ್ಲ, ಶಸ್ತ್ರಚಿಕಿತ್ಸೆಯ ರಚನೆಯಲ್ಲೇ ಇದೆ. ಆದ್ದರಿಂದ ಮಾತ್ರೆ ಗುಣವಾಗುವ ತನಕದ ಔಷಧಿಯಲ್ಲ, ಶಸ್ತ್ರಚಿಕಿತ್ಸೆಯ ಉಳಿದರ್ಧ; ಅದು ಬದುಕಿರುವ ತನಕ ಬೇಕು. ಶಸ್ತ್ರಚಿಕಿತ್ಸೆಯ ಬಳಿಕ ವಾಂತಿ ನಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಥಯಾಮಿನ್ ಬರಿದಾಗಿ, ಆ ಹೊಲಿಗೆಯ ಹುಡುಗಿಯ ಕಾಯಿಲೆಯೇ ಮರಳುತ್ತದೆ. ವೈದ್ಯರು ಅದನ್ನು 'ಬೇರಿಯಾಟ್ರಿಕ್ ಬೆರಿಬೆರಿ' ಎನ್ನುತ್ತಾರೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಅದು ಇನ್ನೂ ಉಲ್ಬಣಿಸಬಹುದು.

ಬಿ12 ಹಾಗಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನಿರುತ್ತದೆ. ಅದು ಕರಗುವವರೆಗೆ "ಚೆನ್ನಾಗಿದ್ದೀನಲ್ಲೇ" ಎನ್ನಬಹುದು. ದೊಡ್ಡಮ್ಮ ಸಸ್ಯಾಹಾರಿ, ದಾಸ್ತಾನು ಮೊದಲೇ ಕಡಿಮೆ ಇದ್ದಿರಬೇಕು. ಅವರು ಬಿಡದೆ ನುಂಗಿದ ರಕ್ತದ ಮಾತ್ರೆಯಲ್ಲೊಂದು ತೊಡಕಿತ್ತು. ಬಿ12 ಇಲ್ಲದಿದ್ದರೂ ಫೋಲಿಕ್ ಆಸಿಡ್ ರಕ್ತವನ್ನು ಸರಿತೋರಿಸಬಲ್ಲದು, ನರಗಳನ್ನು ಮಾತ್ರ ಕಾಯಲಾರದು. ಇದು 1940ರ ದಶಕದಿಂದಲೇ ವೈದ್ಯರಿಗೆ ಗೊತ್ತು. ಮುಂಬಯಿಯ ಬಸುರಿಯರನ್ನು ಉಳಿಸಿದ ವಸ್ತುವೇ ನಮ್ಮ ದೊಡ್ಡಮ್ಮನ ಕೊರತೆಗೆ ಪರದೆಯಾಗಿತ್ತು. ಹಿಮೋಗ್ಲೋಬಿನ್ ಸರಿಯಿದೆ ಎಂದು ಮನೆಯವರೆಲ್ಲ ನೆಮ್ಮದಿಯಿಂದಿದ್ದೆವು. ಅವರಿಗೆ ತಿಳಿಸಿ ಹೇಳಬಹುದಾಗಿದ್ದವಳು ನಾನು. ಲೂಸಿ ವಿಲ್ಸ್ ಬಗ್ಗೆ ಅಧ್ಯಾಯ ಬರೆಯುತ್ತಿದ್ದ ನಾನು ಒಮ್ಮೆಯೂ ಆ ಡಬ್ಬಿ ತೆರೆದು ನೋಡಿರಲಿಲ್ಲ.

ಈಗ ತಿಂಗಳಿಗೊಂದು ಬಿ12 ಇಂಜೆಕ್ಷನ್. ಕಬ್ಬಿಣ ಬೆಳಿಗ್ಗೆ, ಕ್ಯಾಲ್ಸಿಯಂ ರಾತ್ರಿ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಬಲಗಾಲಿಗೆ ಸ್ಪರ್ಶ ಮರಳಿದೆ. ಎಡಗಾಲಿನ ಬೆರಳುಗಳಿಗೆ ಇನ್ನೂ ಇಲ್ಲ.

ಮೊನ್ನೆ ಅವರಿಗೆ ಬರ್ಲಿನ್ನಿನ ಆ ಹುಡುಗಿಯ ಕತೆ ಹೇಳಿದೆ. "ಆಗ ಈ ಮಾತ್ರೆ ಇರಲಿಲ್ವೇನೇ?" ಎಂದು ಕೇಳಿದರು. ಇರಲಿಲ್ಲ ದೊಡ್ಡಮ್ಮ, ಅದಕ್ಕೆ ಇನ್ನೂ ಐವತ್ತೈದು ವರ್ಷ ಬೇಕಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಕ್ಯಾಲೆಂಡರ್ ಇಳಿಸಿ ಕೊಟ್ಟರು. ಏಕಾದಶಿ, ಸಂಕಷ್ಟಿಗಳ ನಡುವೆ ವರ್ಷಪೂರ್ತಿಯ ಇಂಜೆಕ್ಷನ್ ದಿನಗಳನ್ನು ಗುರುತು ಹಾಕಿಕೊಟ್ಟು ಬಂದೆ.