ಸ್ಪೆಕ್ಟ್ರಮ್ಮೋ, ಕಮೊಡೋರೋ? - ಒಂದು ಹಳೇ ಜಗಳದ ಕಥೆ

1984ರ ಹೊತ್ತಿಗೆ ಇಂಗ್ಲೆಂಡಿನ ಯಾವುದಾದರೂ ಶಾಲೆಯ ಹುಡುಗರ ಮಧ್ಯೆ ನಿಂತು "ನಿಮ್ಮನೇಲಿ ಯಾವ ಕಂಪ್ಯೂಟರ್?" ಅಂತ ಕೇಳಿದ್ದರೆ ಸಾಕಿತ್ತು, ಜಗಳ ಶುರು! ಒಂದು ಕಡೆ ಸಿಂಕ್ಲೇರ್ ಸ್ಪೆಕ್ಟ್ರಮ್ ಪಕ್ಷ, ಇನ್ನೊಂದು ಕಡೆ ಕಮೊಡೋರ್ 64 ಪಕ್ಷ. ಸ್ವಲ್ಪ ಗತ್ತಿನಿಂದ ದೂರ ನಿಂತವರು ಬಿಬಿಸಿ ಮೈಕ್ರೋ ಇದ್ದ ಮನೆಯವರು. ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲಿನ ಕಥೆ ಇದು. ಆದರೆ ಆ ಹುಡುಗರು ಈಗ ಐವತ್ತು ದಾಟಿದ್ದರೂ ಜಗಳ ಮಾತ್ರ ಬಿಟ್ಟಿಲ್ಲ. ಯಾಕಪ್ಪಾ ಇಷ್ಟು ಜಿದ್ದು ಅಂತ ಕೆದಕಿ ನೋಡಿದರೆ, ಅದು ಬರೀ ಹುಡುಗಾಟ ಅಲ್ಲ ಅನ್ನಿಸುತ್ತೆ.

ಮೊದಲು ದುಡ್ಡಿನ ಲೆಕ್ಕ ನೋಡೋಣ. 1982ರ ಏಪ್ರಿಲ್‌ನಲ್ಲಿ ಕ್ಲೈವ್ ಸಿಂಕ್ಲೇರ್ ಸ್ಪೆಕ್ಟ್ರಮ್ ಬಿಡುಗಡೆ ಮಾಡಿದಾಗ 16ಕೆ ಮೆಮೊರಿಯದಕ್ಕೆ 125 ಪೌಂಡ್, 48ಕೆ ಮೆಮೊರಿಯದಕ್ಕೆ 175 ಪೌಂಡ್. ಅದೇ ಸಮಯದಲ್ಲಿ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಮಾಡೆಲ್ ಬಿ ಬೆಲೆ 399 ಪೌಂಡ್! ಕಮೊಡೋರ್ 64 ಅದೇ ವರ್ಷ ಅಮೆರಿಕದಲ್ಲಿ 595 ಡಾಲರಿಗೆ ಬಂತು. ಬ್ರಿಟನ್ನಿಗೆ ಬಂದಾಗ ಅದರ ಬೆಲೆ 48ಕೆ ಸ್ಪೆಕ್ಟ್ರಮ್ಮಿನ ಸುಮಾರು ಎರಡು ಪಟ್ಟು. ಅಂದರೆ ಯಾರ ಮನೆಯಲ್ಲಿ ಯಾವ ಕಂಪ್ಯೂಟರ್ ಅನ್ನೋದನ್ನ ತೀರ್ಮಾನ ಮಾಡಿದ್ದು ಹುಡುಗನಲ್ಲ, ಅವನಪ್ಪನ ಜೇಬು. ಕ್ರಿಸ್‌ಮಸ್‌ಗೆ ಒಮ್ಮೆ ತಂದುಕೊಟ್ಟರೆ ಮುಗೀತು, ಇನ್ನು ನಾಲ್ಕೈದು ವರ್ಷ ಅದೇ ಗತಿ. "ನಿನ್ನ ಕಂಪ್ಯೂಟರ್ ಡಬ್ಬಾ" ಅಂತ ಯಾರಾದರೂ ಅಂದರೆ ಅದು ಅಪ್ಪ-ಅಮ್ಮನಿಗೇ ಅಂದಂತೆ. ಸುಮ್ಮನಿರೋಕಾಗತ್ತಾ?

ಇನ್ನು ಬೈಗುಳಗಳ ವಿಚಾರ. ಕಮೊಡೋರ್ ಹುಡುಗರು ಸ್ಪೆಕ್ಟ್ರಮ್ಮಿನ ರಬ್ಬರ್ ಕೀಲಿಗಳನ್ನ ಆಡಿಕೊಳ್ಳುತ್ತಿದ್ದರು. ಅದರ ಕೀಚಲು ಬೀಪ್ ಸದ್ದನ್ನ ಅಣಕಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದದ್ದು 'ಕಲರ್ ಕ್ಲ್ಯಾಶ್'. ಹಳದಿ ಬಣ್ಣದ ಹೀರೋ ನೀಲಿ ಗೋಡೆ ಪಕ್ಕ ಹೋದ ತಕ್ಷಣ ಗೋಡೆಯ ತುಂಡೂ ಹಳದಿ ಆಗಿಬಿಡೋದು!

ಇದು ಯಾಕೆ ಹೀಗೆ ಅಂತ ನೋಡಿದರೆ ನಮ್ಮಂಥ ಎಂಜಿನಿಯರುಗಳಿಗೆ ಖುಷಿಯಾಗುತ್ತೆ. ಸ್ಪೆಕ್ಟ್ರಮ್ ಪರದೆ 256 x 192, ಒಟ್ಟು 49,152 ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಬಿಟ್ ಅಂದರೆ 6,144 ಬೈಟ್. ಬಣ್ಣಕ್ಕೆ ಮಾತ್ರ 8 x 8 ಚುಕ್ಕಿಗಳ ಒಂದೊಂದು ಚೌಕಕ್ಕೆ ಒಂದೇ ಬೈಟ್, ಅದು 768 ಬೈಟ್. ಎಲ್ಲಾ ಸೇರಿ 6,912. ಹಾಗಾಗಿ ಒಂದು ಚೌಕದಲ್ಲಿ ಎರಡೇ ಬಣ್ಣ. ಅದರ ಬದಲು ಪ್ರತಿ ಚುಕ್ಕಿಗೂ ನಾಲ್ಕು ಬಿಟ್ ಕೊಟ್ಟು ಬೇಕಾದ ಬಣ್ಣ ಇಡಬಹುದಿತ್ತಲ್ಲ ಅಂತೀರಾ? ಆಗ ಪರದೆಯೊಂದೇ 24,576 ಬೈಟ್ ನುಂಗುತ್ತಿತ್ತು. 16ಕೆ ಮಾಡೆಲಿನಲ್ಲಿ ಇದ್ದದ್ದೇ 16,384 ಬೈಟ್! ಅಂದರೆ ಕಲರ್ ಕ್ಲ್ಯಾಶ್ ಅನ್ನೋದು ದಡ್ಡತನ ಅಲ್ಲ ಸ್ವಾಮಿ, ಅದು 125 ಪೌಂಡಿನ ಬೆಲೆಪಟ್ಟಿ.

ಕಮೊಡೋರ್ ಕಥೆಯೂ ಹಾಗೇ. ಜ್ಯಾಕ್ ಟ್ರಾಮಿಯಲ್ ಕಟ್ಟಿದ ಆ ಕಂಪನಿ 1976ರಲ್ಲೇ ಎಂಓಎಸ್ ಟೆಕ್ನಾಲಜಿ ಅನ್ನೋ ಚಿಪ್ ತಯಾರಕರನ್ನ ಕೊಂಡುಕೊಂಡಿತ್ತು. ಹಾಗಾಗಿ ಆಟಕ್ಕೆಂದೇ ಎಂಟು ಸ್ಪ್ರೈಟ್ ಓಡಿಸುವ ವಿಕ್-2 ಚಿಪ್ಪು, ಬಾಬ್ ಯಾನೆಸ್ ರೂಪಿಸಿದ ಮೂರು ದನಿಯ ಸಿಡ್ ಎಂಬ ಸಂಗೀತದ ಚಿಪ್ಪು, ಎರಡೂ ಮನೆಯಡುಗೆ. ಆದರೆ ಅಷ್ಟೆಲ್ಲಾ ಕೊಟ್ಟು ಬೇಸಿಕ್ ಭಾಷೆಯಲ್ಲಿ ಕಂಜೂಸಿ ಮಾಡಿದರು. ಒಂದು ಗೆರೆ ಎಳೆಯೋಕೆ, ಒಂದು ಸ್ವರ ನುಡಿಸೋಕೆ ನೇರ ಆಜ್ಞೆಯೇ ಇಲ್ಲ, ಮೆಮೊರಿ ವಿಳಾಸಗಳಿಗೆ ಅಂಕಿ ತುರುಕುತ್ತಾ ಕೂರಬೇಕು. ಜೊತೆಗೆ ಹೆಚ್ಚು ಬಣ್ಣ ಬೇಕೆಂದರೆ ಚುಕ್ಕಿಗಳ ಅಗಲ ಎರಡರಷ್ಟಾಗುತ್ತಿತ್ತು. "ನಿಮ್ಮ ಆಟದಲ್ಲಿ ಚಿತ್ರವೋ ಇಟ್ಟಿಗೆಯೋ?" ಅಂತ ಸ್ಪೆಕ್ಟ್ರಮ್ ಕಡೆಯವರು ಸೇಡು ತೀರಿಸಿಕೊಳ್ಳೋರು :-)

ಸರಿ, ಎಲ್ಲದರಲ್ಲೂ ಒಂದೊಂದು ಕೊರತೆ ಇತ್ತು. ಅಷ್ಟಕ್ಕೇ ಗುಂಪುಗಾರಿಕೆ ಯಾಕೆ ಬೆಳೀತು? ನನಗೆ ಅನ್ನಿಸೋದು, ಇದರ ಅಸಲಿ ಗುಟ್ಟು ಕ್ಯಾಸೆಟ್ಟಿನಲ್ಲಿದೆ. ಆಗ ಆಟಗಳೆಲ್ಲ ಬರುತ್ತಿದ್ದದ್ದು ಹಾಡಿನ ಕ್ಯಾಸೆಟ್ಟುಗಳಲ್ಲಿ. ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಇದ್ದರೆ ನಕಲು ಮಾಡೋದು ಹಾಡು ನಕಲು ಮಾಡಿದಷ್ಟೇ ಸುಲಭ. ಕಳ್ಳತನವೇ ಬಿಡಿ, ಆದರೆ ಆಗಿದ್ದು ಹಾಗೆ. ಸ್ಪೆಕ್ಟ್ರಮ್ಮಿನೊಳಗೆ ಝೆಡ್80 ಪ್ರಾಸೆಸರ್, ಕಮೊಡೋರಿನಲ್ಲಿ 6502ರ ತಮ್ಮ 6510. ಇದರದ್ದು ಅದರಲ್ಲಿ ಓಡುವುದಿಲ್ಲ. ಹಾಗಾಗಿ ಕ್ಲಾಸಿನಲ್ಲಿ ನಿನ್ನ ಪಕ್ಷದವರು ಎಷ್ಟು ಜನವೋ ನಿನಗೆ ಸಿಗುವ ಆಟಗಳೂ ಅಷ್ಟೇ. ಹೊಸದಾಗಿ ಕಂಪ್ಯೂಟರ್ ಕೊಳ್ಳುವ ಗೆಳೆಯನನ್ನ ನಮ್ಮ ಕಡೆ ಎಳೆದರೆ ಲಾಭ, ಆ ಕಡೆ ಹೋದರೆ ನಷ್ಟ. ಇವತ್ತಿನ ಭಾಷೆಯಲ್ಲಿ ನಾವು 'ನೆಟ್‌ವರ್ಕ್ ಎಫೆಕ್ಟ್' ಅನ್ನೋದನ್ನ ಆ ಮಕ್ಕಳು ಊಟದ ಡಬ್ಬಿ ಪಕ್ಕ ಕೂತು ಅನುಭವಿಸಿದ್ದರು.

ಈ ಜಗಳದಲ್ಲಿ ಒಂದು ತಮಾಷೆ ಇದೆ. ಸ್ಪೆಕ್ಟ್ರಮ್ ಅಭಿಮಾನಿಗಳ ವೇದ ಅಂದರೆ 1984ರಲ್ಲಿ ಶುರುವಾದ 'ಕ್ರ್ಯಾಶ್' ಪತ್ರಿಕೆ. ಕಮೊಡೋರ್ ಅಭಿಮಾನಿಗಳಿಗೆ 1985ರಲ್ಲಿ ಬಂದ 'ಝ್ಯಾಪ್ 64'. ಎರಡನ್ನೂ ಹೊರತರುತ್ತಿದ್ದದ್ದು ಲಡ್ಲೋ ಎಂಬ ಪುಟ್ಟ ಊರಿನ ನ್ಯೂಸ್‌ಫೀಲ್ಡ್ ಎಂಬ ಒಂದೇ ಕಂಪನಿ! ಓದುಗರು ಹೊಡೆದಾಡಿದರೂ ಕಾಸು ಸೇರುತ್ತಿದ್ದದ್ದು ಒಂದೇ ಗಲ್ಲಾಪೆಟ್ಟಿಗೆಗೆ.

ದೊಡ್ಡವರೇನೂ ಕಮ್ಮಿಯಿರಲಿಲ್ಲ. ಏಕಾರ್ನ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಕ್ರಿಸ್ ಕರಿ ಹಿಂದೆ ಸಿಂಕ್ಲೇರ್ ಕೈಕೆಳಗೆ ಕೆಲಸ ಮಾಡಿದವರು. ಬಿಬಿಸಿಯ ಗುತ್ತಿಗೆ ಏಕಾರ್ನ್‌ಗೆ ಹೋದದ್ದು ಸಿಂಕ್ಲೇರ್‌ಗೆ ನುಂಗಲಾರದ ತುತ್ತಾಗಿತ್ತು. 1984ರ ಕೊನೆಗೆ ಏಕಾರ್ನ್‌ನವರು ಸಿಂಕ್ಲೇರ್ ಕಂಪ್ಯೂಟರುಗಳು ಕೆಡುತ್ತವೆ ಅಂತ ಹಂಗಿಸುವ ಜಾಹೀರಾತು ಕೊಟ್ಟರು. ಅಷ್ಟೇ! ಕೇಂಬ್ರಿಜ್‌ನ 'ಬ್ಯಾರನ್ ಆಫ್ ಬೀಫ್' ಪಬ್ಬಿನಲ್ಲಿ ಸರ್ ಕ್ಲೈವ್ ಸುರುಳಿ ಸುತ್ತಿದ ಪೇಪರಿನಿಂದ ಕ್ರಿಸ್ ಕರಿಗೆ ಬಾರಿಸಿಯೇಬಿಟ್ಟರು. ಬಿಬಿಸಿ 2009ರಲ್ಲಿ ಇದನ್ನೆಲ್ಲ ಸೇರಿಸಿ 'ಮೈಕ್ರೋ ಮೆನ್' ಅಂತ ಒಂದು ಚಿತ್ರ ಮಾಡಿದೆ, ಸಿಕ್ಕರೆ ನೋಡಿ.

ಗೆದ್ದವರು ಯಾರು? ಯಾರೂ ಇಲ್ಲ. 1985ರಲ್ಲಿ ಏಕಾರ್ನ್ ಇಟಲಿಯ ಒಲಿವೆಟ್ಟಿ ಪಾಲಾಯಿತು. 1986ರಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯವಹಾರವನ್ನ ಆಮ್‌ಸ್ಟ್ರ್ಯಾಡ್‌ಗೆ ಬರೀ 50 ಲಕ್ಷ ಪೌಂಡಿಗೆ ಮಾರಿದರು. ಕೋಟಿಗೂ ಹೆಚ್ಚು 64 ಮಾರಿದ ಕಮೊಡೋರ್ 1994ರಲ್ಲಿ ದಿವಾಳಿ. ಮೇಜು ಹಿಡಿದುಕೊಂಡದ್ದು ಬೂದು ಬಣ್ಣದ ಪೀಸಿ.

ಆದರೆ ಉಳಿದದ್ದು ಕಡಿಮೆಯಲ್ಲ. ಏಕಾರ್ನ್‌ನಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಸೇರಿ ರೂಪಿಸಿದ ಆರ್ಮ್ ಚಿಪ್ಪು 1985ರಲ್ಲಿ ಮೊದಲ ಸಲ ಓಡಿತು. ನಿಮ್ಮ ಜೇಬಿನ ಮೊಬೈಲಿನಲ್ಲಿರೋದು ಅದರ ವಂಶವೇ. ಆರ್ಮ್ ಕಂಪನಿಯ ಕಚೇರಿ ಈಗ ನಮ್ಮ ಬೆಂಗಳೂರಲ್ಲೂ ಇದೆ. ಅಂದಹಾಗೆ 1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಕೊಡಲು ಹೊರಟದ್ದೂ ಬಿಬಿಸಿ ಮೈಕ್ರೋವನ್ನೇ.

ನನಗೆ ಹೆಚ್ಚು ಮನಸ್ಸಿಗೆ ತಟ್ಟಿದ್ದು ಅಭಿಮಾನಿಗಳ ಕೆಲಸ. ಕಂಪನಿಗಳು ಮಣ್ಣಾದ ಮೇಲೆ ಆ ಸಾವಿರಾರು ಕ್ಯಾಸೆಟ್ಟುಗಳನ್ನ ಯಾವ ಮ್ಯೂಸಿಯಮ್ಮೂ ಕೇಳಲಿಲ್ಲ. ಟೇಪಿನ ಮೇಲಿನ ಕಾಂತದ ಗುರುತು ಅಳಿಸಿಹೋಗುವ ಮೊದಲು ಅವನ್ನ ಕಂಪ್ಯೂಟರಿಗೆ ಇಳಿಸಿದವರು, ಎಮ್ಯುಲೇಟರ್ ಬರೆದವರು, ಸಿಡ್ ಚಿಪ್ಪಿನ ಹಾಡುಗಳನ್ನ ಹತ್ತಾರು ಸಾವಿರ ಸಂಗ್ರಹಿಸಿದವರು ಇದೇ ಜಗಳಗಂಟರು. ಬಹುಪಾಲು ಬಿಟ್ಟಿಯಾಗಿ, ರಾತ್ರಿ ನಿದ್ದೆಗೆಟ್ಟು! "ನಮ್ಮದೇ ಮೇಲು" ಅನ್ನೋ ಹಟ ಇಲ್ಲದಿದ್ದರೆ ಆ ಕಾಲದ ಅರ್ಧದಷ್ಟು ಸಾಫ್ಟ್‌ವೇರ್ ಕಸದ ಬುಟ್ಟಿ ಸೇರುತ್ತಿತ್ತೇನೋ. ಈಗ ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದು, ಒಂದರಲ್ಲಿ ಸ್ಪೆಕ್ಟ್ರಮ್, ಇನ್ನೊಂದರಲ್ಲಿ ಕಮೊಡೋರ್ ಓಡಿಸಬಹುದು. 1984ರ ಯಾವ ಹುಡುಗನಿಗೂ ಸಿಗದ ಭಾಗ್ಯ ಅದು.

ಅಭಿಮಾನ ಅಂದರೆ ಕುರುಡು ಅಂತ ಬೈಯ್ಯೋದು ಸುಲಭ. ಆದರೆ ಒಮ್ಮೊಮ್ಮೆ ಚರಿತ್ರೆಯನ್ನ ಜೋಪಾನ ಮಾಡೋದೂ ಅದೇ. ನೀವೇನಂತೀರಿ?